ಸಂಘಕ್ಕೆ ಒದಗಿಬಂದ ನನ್ನ ನಡುಕ

ನಡುಕದಲ್ಲಿ ಎರಡು ಬಗೆ. ಒಂದು ಚಳಿಯದು, ಇನ್ನೊಂದು ಹೆದರಿಕೆಯದು. ನೀಲಗಿರಿಯಲ್ಲಿ ಹುಟ್ಟಿದ ಮೇಲೆ ಮೊದಲನೆಯದು ತಪ್ಪಿದ್ದಲ್ಲ; ನನಗೆ ದೇವರು ಎರಡನ್ನೂ ಧಾರಾಳವಾಗಿ ಕೊಟ್ಟ. ಮೊಮ್ಮಕ್ಕಳೇ, ನಿಮ್ಮಪ್ಪ ಬಂದವರ ಮುಂದೆಲ್ಲ "ನಮ್ಮಮ್ಮ ಸಂಘದ ಹುಲಿ" ಎಂದು ಕೊಚ್ಚಿಕೊಳ್ಳುತ್ತಾನಲ್ಲ, ಆ ಹುಲಿಯ ಸಂಗತಿ ಇಷ್ಟೇ.

ನಿಮ್ಮ ಅಜ್ಜ ಊಟಿಯ ಒಂದು ಕಾಲೇಜಿನಲ್ಲಿ ಅಟೆಂಡರ್ ಆಗಿದ್ದರು. ಅವರು ಹೋದ ಮೇಲೆ ಆ ಕೆಲಸವನ್ನು ನನಗೆ ಕೊಟ್ಟರು. ಅದೇ ವರಾಂಡ, ಅದೇ ಗಂಟೆ, ಅದೇ ಮಂಜು. ಅಜ್ಜನ ಉಣ್ಣೆ ಕೋಟನ್ನು ಮಾತ್ರ ವಾಪಸು ಇಸಿದುಕೊಂಡರು. ಕೋಟು ಗಂಡಸರಿಗೆ ಮಾತ್ರವಂತೆ. ಚಳಿ ಗಂಡು ಹೆಣ್ಣು ನೋಡಿ ಕಚ್ಚುತ್ತದೆಂದು ನಮ್ಮ ಹಳ್ಳಿ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಗಂಟೆ ಬಾರಿಸುವಾಗ ಕೈ ತಾನಾಗಿ ಅಲುಗಿ, ಒಂದೇ ಏಟಿನ ಕಡೆ ನಾಲ್ಕೈದು ಬಿದ್ದು, ಕಾಲೇಜು ಬಿಟ್ಟಿತೆಂದು ಹುಡುಗರು ಮನೆಗೆ ಓಡಿಹೋದದ್ದೂ ಉಂಟು. ಕೊನೆಗೆ ಕೆಮ್ಮು ಎದೆಗಿಳಿದು, ಕೆಲಸ ಬಿಡುವ ಮಾತು ಬಂತು. ಬಿಟ್ಟರೆ ನಿಮ್ಮಪ್ಪನಿಗೆ ಅನ್ನ ಎಲ್ಲಿಂದ?

ಆಗ ಕಾಲೇಜಿನ ನೌಕರರ ಸಂಘದ ಕಾರ್ಯದರ್ಶಿ ಜೋಗಿ ಬಂದ. ಕೋತಗಿರಿ ಕಡೆಯವನು, ಪ್ರಯೋಗಶಾಲೆಯಲ್ಲಿ ಸೀಸೆ ತೊಳೆಯುತ್ತಿದ್ದ. "ಅಕ್ಕಾ, ಇದು ಡಿಸ್ಕ್ರಿಮಿನೇಷನ್!" ಎಂದ. ಎದೆಯ ಕಾಯಿಲೆಗೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆಂದು ತಿಳಿದು ನಾನು ಅಳುತ್ತಾ ಕೂತೆ. "ಅಳಬೇಡಕ್ಕ, ತಾರತಮ್ಯ ಅಂದೆ ಅಷ್ಟೆ. ಪ್ರಿನ್ಸಿಪಾಲರ ಮುಂದೆ ಬಂದು 'ಸಾರ್, ನನಗೆ ಚಳಿ' ಅಂತ ಹೇಳು. ಮಿಕ್ಕಿದ್ದು ನಾವು ನೋಡಿಕೊಳ್ತೀವಿ."

ಎರಡು ದಿನ ನಮ್ಮ ಎಮ್ಮೆಯ ಮುಂದೆ ಅಭ್ಯಾಸ ಮಾಡಿದೆ. ಎಮ್ಮೆ ತಕರಾರಿಲ್ಲದೆ ಕೇಳಿಸಿಕೊಂಡಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಬೆಂಕಿಗೂಡು ಧಗಧಗ ಉರಿಯುತ್ತಿತ್ತು. ಜೋಗಿ ಕೋಟಿನ ಮಾತೆತ್ತಿದ್ದೇ ಅವರು ಕನ್ನಡಕ ಒರೆಸುತ್ತ, "ಹೆಂಗಸರಿಗೆ ಸೆರಗಿದೆಯಲ್ಲಪ್ಪಾ, ಹೊದ್ದುಕೊಳ್ಳಲಿ" ಎಂದರು.

ನನ್ನ ಜೊತೆ ಬಂದಿದ್ದ, ಕಾಲೇಜಿನ ಕಸ ಗುಡಿಸುತ್ತಿದ್ದ ಗೂಡಲೂರಿನ ಮಾಧವಿಯ ಬಾಯಿಗೆ ಬೀಗವಿರಲಿಲ್ಲ. "ಹಂಗಾದ್ರೆ ಗಂಡಸರಿಗೂ ಒಂದೊಂದು ಸೀರೆ ಕೊಟ್ಟುಬಿಡಿ ಸಾರ್!" ಎಂದಳು. ಆಮೇಲೆ ನನ್ನ ಪಕ್ಕೆ ತಿವಿದಳು: "ಹೇಳು ಚೇಚಿ!"

ಚೇಚಿ ಅಂದರೆ ಅವಳ ಮಲಯಾಳದಲ್ಲಿ ಅಕ್ಕ. ಆ ಅಕ್ಕನ ನಾಲಗೆ ಅಂಗುಳಕ್ಕೆ ಅಂಟಿತ್ತು. ಮೊಣಕಾಲು ನಡುಗಿತು, ಗಲ್ಲ ನಡುಗಿತು, ಸೊಂಟದ ಬೀಗದ ಕೈ ಗೊಂಚಲು ಪೂಜೆಯ ಗಂಟೆಯಂತೆ ಝಣಝಣ ಎಂದಿತು.

ಜೋಗಿ ಬಿಡಲಿಲ್ಲ. "ನೋಡಿ ಸಾರ್! ಬೆಂಕಿ ಮುಂದೆ ನಿಂತೇ ಈ ನಡುಕ! ಹೊರಗಡೆ ವರಾಂಡದಲ್ಲಿ ಇವರ ಗತಿ ಏನಾಗಬೇಡ?"

ಪ್ರಿನ್ಸಿಪಾಲರೇ ಬೆಚ್ಚಿದರು. ಮುಂದಿನ ವಾರ ಮಾಧವಿಗೂ ನನಗೂ ಕೋಟು ಬಂತು. ನನ್ನದು ಮೊಣಕಾಲು ದಾಟುತ್ತಿತ್ತು, ಜೇಬಿನಲ್ಲಿ ಬೀಡಿಯ ಕಿಡಿ ಬಿದ್ದು ಆದ ತೂತು. ಆ ತೂತಿನ ಗುರುತು ನನಗಲ್ಲದೆ ಇನ್ನಾರಿಗೆ? ಅದಕ್ಕಾಗಿ ನಿಮ್ಮ ಅಜ್ಜನಿಗೆ ಇಡೀ ದಿನ ಬೈದವಳೇ ನಾನು. ತೊಟ್ಟುಕೊಂಡು, ತೂತಿನೊಳಗೆ ಬೆರಳಿಟ್ಟು, ಇನ್ನೊಂದು ಸ್ವಲ್ಪ ಬೈದೆ.

ಕೆಮ್ಮು ಹೋಯಿತು, ಕೆಲಸ ಉಳಿಯಿತು. ಆದರೆ ಪ್ರಿನ್ಸಿಪಾಲರು ವರಾಂಡಕ್ಕೆ ಬಂದರೆ ಸಾಕು, ಕೋಟಿನೊಳಗಿಂದ ಮತ್ತೆ ಝಣಝಣ. ಒಂದು ದಿನ ಅವರು ನಿಂತು ಕೇಳಿಯೇಬಿಟ್ಟರು: "ಏನಮ್ಮಾ, ಕೋಟು ಕೊಟ್ಟ ಮೇಲೂ ನಡುಕವೇ?"

ಹಿಂದಿನಿಂದ ಜೋಗಿಯ ದನಿ ಬಂತು: "ಅದಕ್ಕೇ ಸಾರ್, ಒಂದು ಇದ್ದಿಲು ಒಲೆ ಕೇಳೋಣ ಅಂತಿದ್ವಿ."

ಒಲೆಯೂ ಬಂತು. ಹುಲಿ ನಡುಗಿದರೆ ಏನೇನು ಸಿಗುತ್ತದೆ ನೋಡಿ! "ಸಾರ್, ನನಗೆ ಚಳಿ" ಎಂಬ ಮಾತು ಮಾತ್ರ ನಾನು ನಿವೃತ್ತಳಾಗುವವರೆಗೂ ಬಾಯಿಂದ ಹೊರಡಲಿಲ್ಲ. ನನ್ನ ಆ ಭಾಷಣವನ್ನು ಪೂರ್ತಿ ಕೇಳಿದ್ದು ಎಮ್ಮೆ ಒಂದೇ.