ಬಲಗಡೆಯ ಹೂವು

ದೇವರ ಬಲಭುಜದಿಂದ ಒಂದು ಸೇವಂತಿಗೆ ಜಾರಿದ್ದೇ ಡಾಕ್ಟರ್ ಸುದರ್ಶನನ ಗ್ರಹಚಾರಕ್ಕೆ ಮೂಲವಾಯಿತು.

ಶ್ರೀರಂಗಪಟ್ಟಣದ ಅರ್ಚಕ ಜಯರಾಮಯ್ಯನವರ ಮಗ ಸುದರ್ಶನನಿಗೆ ಎಂ.ಬಿ.ಬಿ.ಎಸ್. ಮುಗಿದು, ಮುಂದೆ ಸರ್ಜನ್ ಆಗಲು ಎರಡು ಕಡೆ ಸೀಟು ಸಿಕ್ಕಿತ್ತು. ಮೈಸೂರಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರೊಫೆಸರುಗಳ ಹಿಂದೆ ನಿಂತು ದೊಡ್ಡ ದೊಡ್ಡ ಕಾಯಿಲೆ ನೋಡಬಹುದು. ನಾಗಮಂಗಲದ ಟ್ರಸ್ಟ್ ಆಸ್ಪತ್ರೆಯಲ್ಲಿ ಮೊದಲ ತಿಂಗಳಿಂದಲೇ ಕತ್ತರಿ ಕೈಗೆ ಬರುತ್ತದೆ. ಅವನಿಗೆ ಆಸೆಯಿದ್ದದ್ದು ಮೈಸೂರು. ಆದರೆ ಎರಡು ಕಡೆಯೂ ಅವನ ನಂತರದ ನಂಬರು ಬಾಬುರಾಯನಕೊಪ್ಪಲಿನ ದಿಲೀಪನದು. ಇವನು ಬಿಟ್ಟದ್ದು ಅವನಿಗೆ! ಹೈಸ್ಕೂಲಿನಿಂದ ದಿಲೀಪನ ಕ್ರಾಪು, ಸೈಕಲ್ಲು, ಆಮೇಲೆ ಬೈಕು ನೋಡಿ ಉರಿದ ಹೊಟ್ಟೆ ಇದನ್ನು ಹೇಗೆ ತಡೆದೀತು?

ಸೇರಲು ಅಂದೇ ಕಡೆಯ ದಿನ. ಮೈಸೂರಿಗೆ ಹೊರಟವನು ದೇವರಿಗೆ ಕೈಮುಗಿಯಲು ಬಂದರೆ, ಗರ್ಭಗುಡಿಯ ಮುಂದೆ ದಿಲೀಪನ ತಾಯಿ ಜಯಲಕ್ಷ್ಮಮ್ಮ ಕಣ್ಣು ಮುಚ್ಚಿ ನಿಂತಿದ್ದರು. ಕೋರಿಕೆಯನ್ನು ಮನಸ್ಸಿನಲ್ಲೇ ನೆನೆಯಬೇಕು. ಬಲಗಡೆಯ ಹೂ ಬಿದ್ದರೆ ಕೆಲಸವಾಗುತ್ತದೆ, ಎಡಗಡೆಯದಾದರೆ ಇಲ್ಲ. ಬಿದ್ದದ್ದು ಬಲಗಡೆಯದು.

“ಏನು ಕೇಳ್ಕೊಂಡ್ರಮ್ಮ?” ಎಂದ ಸುದರ್ಶನ.

“ಅದೇ ಕಣಪ್ಪ, ನಾಗಮಂಗ್ಲದ ಆಸ್ಪತ್ರೆ ಇಸ್ಯ. ದ್ಯಾವ್ರು ಬಲಗಡೆ ಕೊಟ್ಬುಟ್ಟ!”

ಸುದರ್ಶನ ಗರ್ಭಗುಡಿಯತ್ತ ಕೆಕ್ಕರಿಸಿ ನೋಡಿದ. ದಿನಾ ನೈವೇದ್ಯ ಇಡುವುದು ತನ್ನಪ್ಪ, ವರ ಮಾತ್ರ ದಿಲೀಪನಿಗೆ! ದೇವರೇ ಆರಿಸಿದ ಆಸ್ಪತ್ರೆಯೆಂದರೆ ಅದರಲ್ಲಿ ಏನೋ ಇದೆ. ಅವನು ಮೈಸೂರನ್ನು ಮರೆತು, ನಾಗಮಂಗಲದ ದಾರಿಯಲ್ಲಿರುವ ಪಾಂಡವಪುರದ ಬಸ್ಸಿಗೆ ಓಡಿದ.

“ಇದೇನ್ ಡಾಕ್ಟ್ರೆ, ಮೈಸೂರು ಆ ಕಡೆಗಲ್ವಾ?” ಎಂದ ಪಕ್ಕದ ಬೀದಿಯ ನಂಜಪ್ಪ. ವಿಷಯ ತಿಳಿದದ್ದೇ ಇಡೀ ಬಸ್ಸಿಗೆ ಕೇಳುವಂತೆ ಕೂಗಿದ: “ಯೂನಿವರ್ಸಿಟಿ ಬುಟ್ಬುಟ್ಟು ನಾಗಮಂಗ್ಲಕ್ಕಾ? ಯಾವನ್ ಸ್ವಾಮಿ ನಿಮ್ಗೆ ಎಣ್ಣು ಕೊಡ್ತಾನೆ?”

“ಸುಮ್ಕಿರ್ಲಾ ನಂಜ,” ಎಂದ ಕಂಡಕ್ಟರು. “ನಮ್ಮಪ್ಪನ ಅರ್ನಿಯಾ ಕುಯ್ದಿದ್ದು ಅಲ್ಲೇಯ. ಕೈ ಪಳಗೋದು ಅಂತಾ ಕಡೆಲೇ ಕಣ್ಲಾ.”

ಬಸ್ಸು ಎರಡು ಪಕ್ಷವಾಯಿತು. ಜಗಳ ನೋಡಲು ಡ್ರೈವರು ಹಿಂದೆ ತಿರುಗಿದ. ಬಸ್ಸು ಕಬ್ಬಿನ ಗಾಡಿಯೊಂದಕ್ಕೆ ಗುದ್ದಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಕಬ್ಬು ಮಾತ್ರ ರಸ್ತೆ ತುಂಬ ಹರಡಿತು. ಸುದರ್ಶನ ಕಬ್ಬಿನ ರಾಶಿ ದಾಟಿ, ಆಚೆ ಕಡೆ ಸಿಕ್ಕ ಖಾಲಿ ಟ್ರಾಕ್ಟರೊಂದನ್ನು ಹತ್ತಿ, ತಲೆಯಲ್ಲಿ ಕಬ್ಬಿನ ತರಗು ಹೊತ್ತು ನಾಗಮಂಗಲ ಮುಟ್ಟಿದ.

“ಸೇರಿದ್ಮೇಲೆ ಮೂರು ವರ್ಷ ಕದಲೋ ಹಾಗಿಲ್ಲ,” ಎಂದರು ದೊಡ್ಡ ಡಾಕ್ಟರು.

“ಕದಲಲ್ಲ ಸಾರ್. ದಿಲೀಪ್ ಅಂತ ಯಾರಾದ್ರೂ ಬಂದ್ರೆ ಜಾಗ ಇಲ್ಲ ಅಂದ್ಬಿಡಿ.”

ಅವನ ಸರ್ಟಿಫಿಕೇಟುಗಳು ಬೀರುವಿನೊಳಗೆ ಸೇರಿದವು. ಎಷ್ಟೋ ವರ್ಷಗಳ ಉರಿ ತಣ್ಣಗಾದಂತೆ ಅವನಿಗೆ ಹಾಯೆನಿಸಿತು.

ಸಂಜೆ ಊರಿಗೆ ಬಂದು ದೇವಸ್ಥಾನಕ್ಕೆ ಹೋದರೆ ಜಯಲಕ್ಷ್ಮಮ್ಮ ಹಣ್ಣುಕಾಯಿ ತಂದಿದ್ದರು. ಹಿಂದೆ ದಿಲೀಪ ಹಲ್ಲು ಕಿರಿಯುತ್ತಿದ್ದ.

“ಇವ್ನು ಮೈಸೂರ್ನಾಗೆ ಸಂಜೆಗಂಟ ಆಫೀಸ್ ಮುಂದೆ ಕಾದ್ಕೊಂಡಿದ್ದ ಕಣಪ್ಪ. ನೀನು ಬರ್ನೇ ಇಲ್ಲ, ಸೀಟು ಇವ್ನಿಗೇ ಕೊಟ್ಬುಟ್ರು!”

ಸುದರ್ಶನ ಹಣ್ಣುಕಾಯಿಯ ತಟ್ಟೆಗೆ ಅಡ್ಡ ನಿಂತ. “ಬೆಳಿಗ್ಗೆ ನೀವು ನಾಗಮಂಗಲ ಕೇಳಿದ್ರಲ್ಲಮ್ಮ?”

“ಊ ಕಣಪ್ಪ. ‘ಅಯ್ನೋರ ಮಗ ನಾಗಮಂಗ್ಲ ಸೇರ್ಕೊಳ್ಳಿ, ಮೈಸೂರು ನನ್ ಮಗಂಗೆ ಉಳೀಲಿ’ ಅಂತ ಕೇಳ್ಕೊಂಡೆ.”

ಜಯರಾಮಯ್ಯನವರ ಮುಖ ಅರಳಿತು. “ನೋಡಿದ್ಯೇನೋ ನಮ್ಮ ಸ್ವಾಮಿ ಮಹಿಮೆ! ಬೆಳಿಗ್ಗೆ ಹೂವು, ಸಂಜೆಗೆ ಫಲ. ಸುಮ್ನೆ ಯಾಕೆ ನಿಂತಿದ್ದೀಯ? ದಿಲೀಪನ ಹೆಸರಲ್ಲಿ ಮಂಗಳಾರತಿ, ಗಂಟೆ ಹೊಡಿ.”

ತಲೆಯಲ್ಲಿ ಇನ್ನೂ ಕಬ್ಬಿನ ತರಗಿದ್ದ ಸುದರ್ಶನ, ಹಲ್ಲು ಕಚ್ಚಿಕೊಂಡು ಗಂಟೆ ಹೊಡೆದ.