ಸ್ವಿಚ್ಚಿನ ಖಾಲಿ ಕಿಂಡಿ

ನನ್ನ ಹೆಂಡತಿಯ ತಮ್ಮ ಕಳ್ಳ. ಭಾಗ್ಯನಗರದ ನನ್ನ ಸ್ವಂತ ಮನೆಯ ಮುಂಗೋಣೆಯಲ್ಲಿ, ಹಾಡಹಗಲು, ಗಿರಾಕಿಗಳ ಎದುರಿನಲ್ಲೇ, ನನ್ನ ಪಾಲಿಗೆ ಬಂದದ್ದೊಂದನ್ನು ಎತ್ತಿಕೊಂಡ. ಇಂದಿಗೂ ಹಿಂದಿರುಗಿಸಿಲ್ಲ. ಕೇಳಿದರೆ ನಗುತ್ತಾನೆ!

ಆ ಕೋಣೆಯಲ್ಲಿ ಊರವರಿಗೆ ಅರ್ಜಿ, ಪಹಣಿ ಮಾಡಿಕೊಡುವ ಅವನ ಆನ್‌ಲೈನ್ ಅಂಗಡಿಯಿದೆ. ಕಂಪ್ಯೂಟರುಗಳು, ಪ್ರಿಂಟರು, ಇವನ್ನೆಲ್ಲ ತಂತಿಗಳಿಂದ ಒಂದುಗೂಡಿಸುವ ಒಂದು ಕರಿಯ ಪೆಟ್ಟಿಗೆ. ಅದಕ್ಕೆ ಸ್ವಿಚ್ ಎಂದು ಹೆಸರು. ಒತ್ತಲು ಗುಂಡಿಯೇ ಇಲ್ಲದ ಸ್ವಿಚ್! ಬೆಳಿಗ್ಗೆ ಅದನ್ನು "ಆರಾಮ ಅದೀಯೇನವಾ?" ಎಂದು ವಿಚಾರಿಸದೆ ಅವನು ಕೆಲಸಕ್ಕೆ ಕೂರುವವನಲ್ಲ. ನನ್ನ ಮೊಣಕಾಲು ನೋವನ್ನು ಕೊನೆಯ ಸಲ ಯಾವಾಗ ವಿಚಾರಿಸಿದನೆಂಬುದು ಅವನಿಗೆ ಮರೆತಿದೆ, ನನಗೆ ಮರೆತಿಲ್ಲ.

"ಮಾವಾ, ಇದು ನಿಮ್ಮ ಟಪಾಲ ಕಚೇರಿ ಇದ್ದಾಂಗ್ರಿ," ಎಂದು ಒಮ್ಮೆ ವಿವರಿಸಿದ. "ಪ್ಯಾಕೆಟ್ ಬರತಾವ, ವಿಳಾಸ ನೋಡಿ ಮುಂದ ಕಳಸತೈತಿ."

"ವಿಳಾಸ ಗೊತ್ತಿಲ್ಲಂದ್ರ?"

"ಎಲ್ಲಾರ ಮನಿಗೂ ಒಂದೊಂದು ಕೊಡತೈತ್ರಿ!"

ನಾನು ಹಾಗೆ ಹಂಚಿದ್ದರೆ ನೌಕರಿ ಉಳಿಯುತ್ತಿತ್ತೆ? ಸೇವೆಯುದ್ದಕ್ಕೂ ಒಂದು ಕಾಗದವನ್ನೂ ತಪ್ಪು ಮನೆಗೆ ಕಳಿಸದ ಪೋಸ್ಟ್ ಮಾಸ್ತರ ನಾನು. "ಮಾಸ್ತರ ಕೈ ತಪ್ಪಂಗಿಲ್ಲ" ಎಂದು ಸುತ್ತಲಿನ ಊರವರು ಇಂದಿಗೂ ಹೇಳುತ್ತಾರೆ. ನಿವೃತ್ತನಾದ ನನಗೆ ಉಳಿದಿರುವ ಆಸ್ತಿ ಆ ಮಾತೊಂದೇ.

ಒಂದು ದಿನ, ಸ್ವಿಚ್ಚಿನಿಂದ ಹೊರಟ ತಂತಿಯೊಂದರ ಇನ್ನೊಂದು ತುದಿ ನೆಲದ ಮೇಲೆ ಅನಾಥವಾಗಿ ಬಿದ್ದಿತ್ತು. ಅದೇ ಸ್ವಿಚ್ಚಿನಲ್ಲಿ ತಂತಿ ಚುಚ್ಚುವ ಕಿಂಡಿಯೊಂದು ಖಾಲಿಯಿತ್ತು. ಶಿಸ್ತಿನ ಮನುಷ್ಯನಾದವನು ಏನು ಮಾಡಬೇಕು? ಮಾಡಿದೆ.

ಪೆಟ್ಟಿಗೆಯ ದೀಪಗಳೆಲ್ಲ ಹುಚ್ಚೆದ್ದು ಮಿಣುಕಿದವು. ಕೆಲಸ ಚುರುಕಾಯಿತೆಂದು ಸಂತೋಷಪಟ್ಟೆ! ಕಂಪ್ಯೂಟರುಗಳು ಮಾತ್ರ ಒಂದಾದ ಮೇಲೊಂದು ಸ್ತಬ್ಧವಾದವು. ಅವನು ಹೊರಗಿನ ಲೈನು ನೋಡಿದ, ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿದ, ಮೇಜಿನ ಕೆಳಗೆ ಹೊಕ್ಕು ಒಂದೊಂದೇ ತಂತಿಯನ್ನು ಕಿತ್ತು ನೋಡತೊಡಗಿದ. ನಾನು ಕುರ್ಚಿಯಲ್ಲಿ ಕುಳಿತು ಅವನಿಗೆ ಅಚ್ಚುಕಟ್ಟುತನದ ಮಹತ್ವವನ್ನು ಸವಿಸ್ತಾರವಾಗಿ ಬೋಧಿಸಿದೆ.

ಕೊನೆಗೆ ಆ ತಂತಿ ಅವನ ಕೈಗೆ ಸಿಕ್ಕಿತು. ಕಿತ್ತೊಡನೆ ದೀಪಗಳು ಶಾಂತವಾದವು.

"ಒಂದ ವೈರಿನ ಎರಡೂ ತುದಿ ಇದರಾಗ ಚುಚ್ಚಿಕೊಂಡಾವ! ಹೋದ ಪ್ಯಾಕೆಟ್ ತಿರುಗಿ ಇಲ್ಲೇ ಬಂದು, ಗುಡಿ ಸುತ್ತಿದಾಂಗ ಸುತ್ತಾಕತ್ತಿದ್ವು. ಪ್ರಸಾದ ಮಾತ್ರ ಯಾರಿಗೂ ಇಲ್ಲ!"

ಕಾದು ಬೇಸತ್ತಿದ್ದ ಕುಷ್ಟಗಿಯ ದಾಳಿಂಬೆ ಬೆಳೆಗಾರರೊಬ್ಬರು ಗುಡುಗಿದರು: "ಯಾವ ಶ್ಯಾಣ್ಯಾ ಚುಚ್ಚ್ಯಾನ್ರಿ ಅದನ್ನ? ಮಾಸ್ತರ, ಇಲ್ಲೇ ಕುಂತಿದ್ರೆಲ್ಲ, ನೀವ ಹೇಳ್ರಿ!"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಮೇಜಿನ ಕೆಳಗಿನಿಂದ ಧ್ವನಿ ಬಂತು: "ನಾನ ರೀ ಅಣ್ಣಾರ. ಮುಂಜಾನಿ ನಿದ್ದಿಗಣ್ಣಾಗ ಚುಚ್ಚೀನಿ."

"ಇಷ್ಟೂ ತಿಳಿಯಂಗಿಲ್ಲಂದ್ರ ಅಂಗಡಿ ಮುಚ್ಚಿ ಎಮ್ಮಿ ಕಾಯಾಕ ಹೋಗೋ! ಮಾಸ್ತರನ್ನ ನೋಡಿ ಕಲಿ!"

ಎಲ್ಲರೂ ನಕ್ಕರು. ಅವನೂ ನಗುತ್ತಲೇ ಹೊರಬಂದು, ಅಂಗಿಯ ಧೂಳು ಕೊಡವಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಕೇಳಿದ: "ಮೊಣಕಾಲು ಹೆಂಗ ಅದಾವ್ರಿ, ಮಾವಾ?"

ಈಗ ಆ ಕಳ್ಳನನ್ನು ಬಹಿರಂಗವಾಗಿಯೇ ಕೇಳುತ್ತೇನೆ: ಸ್ಪಷ್ಟವಾಗಿ ನನ್ನ ವಿಳಾಸಕ್ಕೆ ಬಂದಿದ್ದ ಬೈಗುಳವನ್ನು, ನನ್ನ ಒಪ್ಪಿಗೆಯಿಲ್ಲದೆ, ನಿನ್ನ ಮನೆಗೆ ಇಳಿಸಿಕೊಳ್ಳುವ ಅಧಿಕಾರವನ್ನು ನಿನಗೆ ಕೊಟ್ಟವರು ಯಾರಪ್ಪಾ?