ಸಾಹೇಬರ ವಂಶವೃಕ್ಷ ಮತ್ತು ನಮ್ಮೂರ ಹೆಳವ

ನನ್ನ ಅಜ್ಜನ ಅಜ್ಜ ಯಾರು ಎಂದು ಕೇಳಿದರೆ ನಾನು ತಲೆ ಕೆರೆದುಕೊಳ್ಳುತ್ತೇನೆ. ಆದರೆ ಇಂಗ್ಲೆಂಡಿನ ಒಂದು ಜಮೀನುದಾರ ಮನೆತನದಲ್ಲಿ ಏಳುನೂರು ವರ್ಷಗಳ ಹಿಂದೆ ಯಾರ ಮಗಳನ್ನು ಯಾರಿಗೆ ಕೊಟ್ಟರು, ಅವಳ ಜೊತೆ ಯಾವ ಹುಲ್ಲುಗಾವಲು ಹೋಯಿತು, ಅದಕ್ಕಾಗಿ ಯಾವ ಚಿಕ್ಕಪ್ಪ ಕೋರ್ಟು ಹತ್ತಿದ ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಇದು ಜಂಬದ ಮಾತಲ್ಲ, ತಪ್ಪೊಪ್ಪಿಗೆ. ಊರ ಉಸಾಬರಿ ಬೇಡ ಎನ್ನುತ್ತಾರೆ ಹಿರಿಯರು. ನಾನು ಹಚ್ಚಿಕೊಂಡದ್ದು ಕಾಣದ ಊರಿನ, ಸತ್ತವರ ಉಸಾಬರಿ.

ಆಗ ತೊಂಬತ್ತರ ದಶಕ. ನಾನು ಕತಾರಿನ ದುಖಾನ್‌ನಲ್ಲಿ, ಎಣ್ಣೆ ಕಂಪನಿಯೊಂದರಲ್ಲಿ ನಕ್ಷೆ ಎಳೆಯುವ ಡ್ರಾಫ್ಟ್ಸ್‌ಮನ್. ನನ್ನ ಮೇಲಧಿಕಾರಿ ವೆಲ್‌ಬರಿ ಸಾಹೇಬರಿಗೆ ನಿವೃತ್ತಿ ಹತ್ತಿರ ಬಂದಂತೆ ವಂಶದ ಹುಚ್ಚು ಹಿಡಿಯಿತು. ಅವರ ಅಕ್ಕ ಇಂಗ್ಲೆಂಡಿನಿಂದ ಹಳೆಯ ಪತ್ರಗಳ ಜೆರಾಕ್ಸ್ ಕಳಿಸುವರು; ಸಾಹೇಬರು ಓದಿ ಹೇಳುವರು; ನಾನು ಊಟದ ಬಿಡುವಿನಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಮಸಿ ಪೆನ್ನಿನಿಂದ ಗೆರೆ ಎಳೆಯುವೆ. ಪೈಪ್‌ಲೈನ್ ಎಳೆದು ಪಳಗಿದ ಕೈಗೆ ವಂಶ ಎಳೆಯುವುದು ಕಷ್ಟವೇನಲ್ಲ. ಎರಡರಲ್ಲೂ ಎಲ್ಲಿ ಸೋರುತ್ತದೆ ಎಂದು ನೋಡುವುದೇ ಮುಖ್ಯ ಕೆಲಸ.

ಈ ವಂಶ ಸೋರಿದ್ದು ರೋಜರ್ ಎಂಬ ಎರಡನೆಯ ಮಗನ ಹತ್ತಿರ. ಹಿರಿಯವನು ಮಕ್ಕಳಿಲ್ಲದೆ ಸತ್ತ. ರೋಜರ್ ಯಾವುದೋ ಯುದ್ಧಕ್ಕೆಂದು ಸಮುದ್ರ ದಾಟಿ ಮರಳುಗಾಡಿನ ಕಡೆ ಹೋದವನು ತಿರುಗಿ ಬರಲಿಲ್ಲ, ಸುದ್ದಿಯೂ ಇಲ್ಲ. ಮನೆ, ಜಮೀನು, ಗಿರಣಿ ಎಲ್ಲ ತಂಗಿಯ ಪಾಲಾಯಿತು. ನಮ್ಮ ಸಾಹೇಬರು ಆ ತಂಗಿಯ ಬಳ್ಳಿಯವರು. ಆಸ್ತಿ ಎಂದೋ ಕರಗಿಹೋಗಿ ಇವರ ಪಾಲಿಗೆ ಉಳಿದದ್ದು ಆ ಮನೆತನದ ಉದ್ದ ಮೂಗು ಮಾತ್ರ. ಹಾಳೆಯಲ್ಲಿ ತಂಗಿಯ ಮಕ್ಕಳಿಗೆ ಜಾಗ ಸಾಲದಾದಾಗ ನಾನು ರೋಜರ್‌ನನ್ನು ತೋರಿಸಿ, "ಇವನನ್ನು ತೆಗೆಯಲೇ ಸರ್?" ಎಂದೆ. ಸಾಹೇಬರು ತಮಗೆ ಬರುತ್ತಿದ್ದ ಒಂದೇ ಅರಬ್ಬಿ ಪದ ಬಳಸಿದರು: "ರೋಜರ್ ಖಲಾಸ್!" ನಾನು ಬ್ಲೇಡು ತೆಗೆದುಕೊಂಡು ಮಸಿ ಕೆರೆದೆ. ಹೋದವನು ಒಂದು ಕಾಗದವನ್ನಾದರೂ ಬರೆಯಬಾರದಿತ್ತೇ, ಬೇಜವಾಬ್ದಾರಿ ಮನುಷ್ಯ ಎಂದು ಬೈದೂಬಿಟ್ಟೆ.

"ನಿಮ್ಮ ವಂಶದ ಕಾಗದ ಎಲ್ಲಿದೆ?" ಎಂದು ಸಾಹೇಬರು ಒಮ್ಮೆ ಕೇಳಿದರು. "ಎತ್ತಿನ ಮೇಲೆ ತಿರುಗುತ್ತಿದೆ ಸರ್" ಎಂದೆ. ಸುಳ್ಳಲ್ಲ. ಗದಗಿನ ಕಡೆಯ ನಮ್ಮ ಹಳ್ಳಿಗೆ ಮೂರು-ನಾಲ್ಕು ವರ್ಷಕ್ಕೊಮ್ಮೆ ಹೆಳವ ಬರುತ್ತಾನೆ. ಎತ್ತಿನ ಮೇಲೆ ಕುಳಿತೇ ಮನೆಯ ಮುಂದೆ ನಿಂತು, ನಮ್ಮ ಮೂಲಪುರುಷನಿಂದ ಹಿಡಿದು ಎಲ್ಲರ ಹೆಸರನ್ನೂ ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಮೊರದ ತುಂಬ ಜೋಳ ಪಡೆದು ಹೋಗುತ್ತಾನೆ. ಚಿಕ್ಕವನಿದ್ದಾಗ ನಾನು ಬಾಗಿಲ ಹಿಂದೆ ನಿಂತು, ಕೊನೆಯಲ್ಲಿ ಬರುವ ನನ್ನ ಹೆಸರಿಗಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ನನ್ನ ಮಗಳು ಗೌರಿ ಹುಟ್ಟಿದ್ದು ದೋಹಾದಲ್ಲಿ. ಅವಳ ಹೆಸರೂ ಆ ರಾಗದಲ್ಲಿ ಬರಬೇಕೆಂದು ನನಗೆ ಬಹಳ ಆಸೆ. ಊರಿಗೆ ಹೋಗೋಣವೆಂದರೆ ಮೊದಲ ವರ್ಷ ಕೂಸು ಎಳೆಯದು, ಎರಡನೆಯ ವರ್ಷ ಕಂಪನಿಯಲ್ಲಿ ಕೆಲಸದ ಒತ್ತಡ, ಮೂರನೆಯ ವರ್ಷ ಸಾಹೇಬರ ವಂಶ ಮುಗಿಯಲಿ ಎಂದು ನಾನೇ ರಜೆ ಮುಂದೂಡಿದ್ದೆ. ಅದಕ್ಕೇ ಅಣ್ಣನಿಗೆ ಪತ್ರ ಬರೆದೆ: ಹೆಳವ ಬಂದಾಗ ಗೌರಿಯ ಹೆಸರು ಬರೆಸು, ಅವನು ಹೇಳುವುದನ್ನೆಲ್ಲ ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸು.

ಕ್ಯಾಸೆಟ್ಟು ಬಂತು. ಊರಿಂದ ಬಂದವರೊಬ್ಬರು ದೋಹಾದ ಬಿನ್ ಒಮ್ರಾನ್ ಬಡಾವಣೆಯಲ್ಲಿ ಇಳಿದುಕೊಂಡಿದ್ದರು. ಶುಕ್ರವಾರ ಹೆಂಡತಿ ಶಾಂತಾ, ಗೌರಿಯ ಜೊತೆ ಹೋಗಿ ಇಸಿದುಕೊಂಡೆ. ಮನೆ ಮುಟ್ಟುವವರೆಗೆ ತಡೆಯಲಾಗದೆ ಕಾರಿನಲ್ಲೇ ಹಾಕಿದೆ. ದುಖಾನ್ ರಸ್ತೆಯ ಎರಡೂ ಕಡೆ ಬರೀ ಮರಳು; ಒಳಗೆ ನಮ್ಮ ಅಂಗಳದ ಎತ್ತಿನ ಗಂಟೆ, ಅವ್ವನ ಕೆಮ್ಮು. ಹೆಳವ ಅಜ್ಜನ ಅಜ್ಜಂದಿರನ್ನೆಲ್ಲ ಕರೆದು, ಅಪ್ಪನನ್ನು ಕರೆದು, ಅಣ್ಣನನ್ನೂ ಅವನ ಮಕ್ಕಳನ್ನೂ ಕರೆದ. "ಎರಡನೇ ಮಗ ಶಿವಾನಂದ, ಸಮುದ್ರ ದಾಟಿ ಹ್ವಾದಾ..." ಎಂದು ರಾಗ ಎಳೆದು ನಿಲ್ಲಿಸಿಬಿಟ್ಟ.

"ಅವಗ ಹೆಣ್ಣುಕೂಸು ಐತೋ. ಗೌರಿ ಅಂತ. ಬರಕೋ" ಎಂದಳು ಅವ್ವ.

"ಕಣ್ಣಿಲೆ ಕಾಣದ ಕೂಸಿನ ಹೆಸರು ಹ್ಯಾಂಗ ಬರೀಲಿ ಯವ್ವಾ? ನಮ್ಮಪ್ಪನೂ ಬರದಾಂವಲ್ಲ. ಬಂದು ಹೊಸ್ತಿಲದಾಗ ನಿಲ್ಲಲಿ, ಬರೀತೀನಿ."

ಆಮೇಲೆ ಅವ್ವನ ದನಿ: "ನಾನರ ಎಲ್ಲಿ ಕಂಡೀನೋ ಯಪ್ಪಾ."

ಶಾಂತಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹಿಂದಿನ ಸೀಟಿನಿಂದ ಗೌರಿ, "ಅಪ್ಪಾ, ಆ ಅಂಕಲ್ ನನ್ನ ನೇಮ್ ಯಾಕ ಹೇಳಲಿಲ್ಲ?" ಎಂದಳು. ಊರು ಅಷ್ಟು ಬೇಕೆಂದು ನನಗೆ ಎಂದೂ ಅನಿಸಿರಲಿಲ್ಲ.

ಶನಿವಾರ ಎಲ್ಲರಿಗಿಂತ ಮೊದಲು ಕಚೇರಿಗೆ ಹೋದೆ. ಕೆರೆದ ಜಾಗದಲ್ಲಿ ಮಸಿ ಹರಡುತ್ತದೆ. ಆದರೂ ಉಗುರಿನಿಂದ ಹಾಳೆ ತಿಕ್ಕಿ ನಯಮಾಡಿ, ರೋಜರ್‌ನ ಹೆಸರನ್ನು ಮತ್ತೆ ಬರೆದೆ. ಕೈ ಸುಮ್ಮನಿರಲಿಲ್ಲ. ಅವನ ಕೆಳಗೊಂದು ಚುಕ್ಕೆಗೆರೆ ಎಳೆದು ಖಾಲಿ ಚೌಕವನ್ನೂ ಹಾಕಿದೆ.

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಇದು ಯಾರು?"

"ಮಗಳಿರಬಹುದು ಸರ್."

"ದಾಖಲೆ ಇದೆಯೇ?"

"ಇಲ್ಲ. ಯಾರೂ ಕಣ್ಣಾರೆ ನೋಡಿಲ್ಲ, ಅಷ್ಟೇ."

"ಅಲ್ಲಯ್ಯ, ಅವಳಿದ್ದಿದ್ದರೆ ಆಸ್ತಿಯೆಲ್ಲ ಅವಳದೇ. ನಮಗೆ ಚಿಪ್ಪೂ ಸಿಗುತ್ತಿರಲಿಲ್ಲ!" ಎಂದವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಹಾಗಾದರೆ ರೋಜರ್ ಊರಿಗೆ ವಾಪಸ್ ಹೋದನೇ?"

"ಇನ್ನೂ ಇಲ್ಲ ಸರ್. ಅವನ ರಜೆ ಅರ್ಜಿ ನಿಮ್ಮ ಮೇಜಿನ ಮೇಲಿದೆ" ಎಂದೆ. ಅದನ್ನು ನಾನು ಅಲ್ಲಿಟ್ಟದ್ದು ಆ ದಿನ ಬೆಳಿಗ್ಗೆಯಷ್ಟೇ ಎಂಬುದನ್ನು ಮಾತ್ರ ಹೇಳಲಿಲ್ಲ.